ದೊಡ್ಡ ಫೋಟೋಕ್ಕೆ ಬೆಳಕು

ಸೊಲ್ಲಾಪುರದ ನಮ್ಮ ಪಡಸಾಲೆಯಲ್ಲಿ 1993ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ದೊಡ್ಡ ಬಣ್ಣದ ಫೋಟೋ ಇದೆ. ಅಪ್ಪ ತೆಗೆದದ್ದು, ಬಾಹುಬಲಿಯ ಪಾದದ ಬಳಿ ಜನರ ನಡುವೆ ಅವ್ವ ನಿಂತಿದ್ದಾಳೆ. ಎದುರಿಗೇ ಪಡುವಣ ಕಿಟಕಿ. ಹೋದ ಬೇಸಿಗೆಯಲ್ಲಿ ನೋಡಿದರೆ ಅಭಿಷೇಕದ ಅರಿಶಿನ ಬಿಳಿಚಿಕೊಂಡಿದೆ, ಅವ್ವನ ಸೀರೆಯ ಬಣ್ಣ ಗುರುತೇ ಸಿಗದು. ಅವ್ವ ಈಗಿಲ್ಲ, ನೆಗೆಟಿವೂ ಇಲ್ಲ.

ಅಕ್ಕಲಕೋಟೆಯ ಸೋದರಮಾವನ ಮನೆಯಲ್ಲಿರುವ ಇನ್ನೂ ಹಳೆಯ ಕಪ್ಪು-ಬಿಳುಪು ಫೋಟೋ ಮಾತ್ರ ಹಾಗೆಯೇ ಇದೆ. ಅದು ಬೆಳ್ಳಿಯ ಕಣಗಳಿಂದ ಮೂಡಿದ ಚಿತ್ರ, ನೇತುಹಾಕಿದ್ದೂ ಬಿಸಿಲು ಕಾಣದ ಒಳಗೋಡೆಗೆ.

ನಾವೂ ಜಾಗ ಬದಲಿಸಿದೆವು. ಛಾವಣಿಗೆ ಎಲ್‌ಇಡಿ ದೀಪ ಹಾಕಿಸಿ, ಬೆಳಕು ಗೋಡೆಗೆ ಸುಮಾರು 30 ಡಿಗ್ರಿ ಓರೆಯಾಗಿ ಬೀಳುವಂತೆ ತಿರುಗಿಸಿದೆವು. ದೀಪ ಗೋಡೆಗೆ ತೀರ ಹತ್ತಿರವಾದರೆ ಚೌಕಟ್ಟಿನ ನೆರಳು ಬೀಳುತ್ತದೆ; ದೂರವಾದರೆ ಗಾಜಿನಲ್ಲಿ ಬಾಹುಬಲಿಯ ಬದಲು ದೀಪವೇ ಕಾಣುತ್ತದೆ! ವಸ್ತುಸಂಗ್ರಹಾಲಯಗಳಲ್ಲಿ ಬಣ್ಣದ ಫೋಟೋಗೆ ಸಾಮಾನ್ಯವಾಗಿ 50 ಲಕ್ಸ್ ಬೆಳಕಷ್ಟೇ. ಮನೆಯಲ್ಲಿ ಅಷ್ಟು ಮಂದ ಬೆಳಕು ಯಾರಿಗೂ ಒಗ್ಗದು. ಆದ್ದರಿಂದ ಕುಳಿತು ನೋಡುವಾಗ ಮಾತ್ರ ಹಚ್ಚುತ್ತೇವೆ. ಎಣ್ಣೆದೀಪವನ್ನೂ ಮಸಿ ತಾಗದಷ್ಟು ದೂರ ಇಟ್ಟಿದ್ದೇವೆ.

ಮೊನ್ನೆ ಸ್ಕ್ಯಾನ್ ಮಾಡಿಸಿದೆವು. ಸೀರೆ ಯಾವ ಬಣ್ಣದ್ದೆಂದು ಹುಡುಗ ಕೇಳಿದ. ಅಕ್ಕ ಹಸಿರೆಂದಳು, ಮಾವ ನೀಲಿಯೆಂದರು.