ಮೊಸರು ಸೇರಲ್ಲ ಅನ್ನೋರನ್ನ ಬಯ್ಯೋಕೆ ಮುಂಚೆ

ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತು ಅಡುಗೆಮನೆ ವಿಷಯ. ಇದು ನಮಗ್ಯಾಕೆ ಅಂತ ಗಂಡಸರು ಮುಂದಕ್ಕೆ ತಳ್ಳಬೇಡಿ. ಎರಡು ಹಸು ಕಟ್ಟಿ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕೋ ಮನೆಯಲ್ಲಿ ಒಬ್ಬರು 26 ವರ್ಷ ಮೊಸರು ಮುಟ್ಟದೆ ಊಟ ಮುಗಿಸ್ತಿದ್ರು. ಅದು ಗೊತ್ತಿದ್ದೂ ನಾನು ಯಾಕೆ ಅಂತ ಕೇಳಿರಲಿಲ್ಲ.

ಒಬ್ಬರು ಅಂದ್ರೆ ನಮ್ಮನೆಯವಳು. ಅವಳಿಗೆ ಮೊಸರು ಸೇರಲ್ಲ ಅನ್ನೋದು ನಮ್ಮ ಮನೇಲಿ ಹುಟ್ಟುಗುಣದ ಥರ ಆಗಿಬಿಟ್ಟಿತ್ತು. ನೆಂಟರು ಬಂದಾಗಲೂ 'ಅವಳಿಗೆ ಬಡಿಸಬೇಡಿ, ಅವಳು ಮೊಸರು ತಿನ್ನಲ್ಲ' ಅಂತ ನಾವೇ ಹೇಳ್ತಿದ್ವಿ. ತಮಾಷೆ ಏನಂದ್ರೆ ದಿನಾ ರಾತ್ರಿ ಹೆಪ್ಪು ಹಾಕ್ತಿದ್ದವಳೂ ಅವಳೇ.

ಹೋದ ವರ್ಷ ಮಂಡಿ ನೋವು ಅಂತ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದು, ಹಾಲು ಮೊಸರು ಚೆನ್ನಾಗಿ ತಗೊಳ್ಳಿ ಅಂದ್ರು. ಹಾಲು ಕುಡಿದ್ರೆ ಅವಳಿಗೆ ಹೊಟ್ಟೆ ಉಬ್ಬರ. ಇದು ಅವಳೊಬ್ಬಳ ಕಥೆ ಅಲ್ಲ, ನಮ್ಮ ಜನರಲ್ಲಿ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದವರು ಬಹಳ. ಮೊಸರಾದರೆ ಆ ಸಕ್ಕರೆಯಲ್ಲಿ ಒಂದು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಾನೇ ತಿಂದು ಮುಗಿಸಿರ್ತವೆ, ಹಾಗಾಗಿ ಹಾಲು ಒಗ್ಗದವರಿಗೂ ಸಾಮಾನ್ಯವಾಗಿ ಮೊಸರು ಒಗ್ಗುತ್ತೆ. ರಾಗಿಮುದ್ದೆ ಉಣ್ಣೋ ಮನೆಗೆ ಕ್ಯಾಲ್ಸಿಯಂ ಚಿಂತೆ ಯಾಕೆ ಅಂತ ನೀವು ಕೇಳಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಇರೋದು ನಿಜ. ಆದರೂ ಡಾಕ್ಟರು ಹೇಳಿದ್ದು ಹೇಳಿದ್ದೇ.

ಊರಿಗೆ ಬಂದ ಮೇಲೆ ನಾನು ಏನು ಮಾಡಿದೆ? ಎಲ್ಲ ಗಂಡಂದಿರೂ ಮಾಡೋದನ್ನೇ ಮಾಡಿದೆ. 'ಔಷಧಿ ಅಂದ್ಕೊಂಡು ನುಂಗು' ಅಂದೆ. ಎರಡು ದಿನ ಮೂಗು ಮುಚ್ಕೊಂಡು ತಿಂದಳು. ಮೂರನೇ ದಿನ ಒಂದು ಚಮಚ ಸಕ್ಕರೆ ಹಾಕ್ಕೊಂಡಳು, ವಾರದಲ್ಲಿ ಅದು ಎರಡು ಚಮಚ ಆಯ್ತು. ಆಮೇಲೆ ನೆನಪಾಯ್ತು, ಅದೇ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದೆ ಅಂತಲೂ ಹೇಳಿದ್ರು. ಮೂಳೆಗೆ ಅಂತ ತಿನ್ನೋ ಮೊಸರಿಗೆ ದಿನಾ ಎರಡು ಚಮಚ ಸಕ್ಕರೆ ಸುರಿದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಸಕ್ಕರೆ ಮೇಲೆ ನನಗೆ ದ್ವೇಷ ಇಲ್ಲ. ಬಂಗಾಳದವರು ಮಿಷ್ಟಿ ದೋಯ್ ಮಾಡ್ತಾರೆ, ಹಾಲನ್ನು ಚೆನ್ನಾಗಿ ಬತ್ತಿಸಿ, ಸಿಹಿ ಹಾಕಿ, ಆಮೇಲೆ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕ್ತಾರೆ. ಬೆಳಗಾವಿ ಕಡೆಯ ಶ್ರೀಖಂಡ ಯಾರಿಗೆ ಬೇಡ? ಅವೆಲ್ಲ ಹಬ್ಬದ ಊಟ. ದಿನಾ ಕೆಟ್ಟು ಹುಳಿಯಾದ ಮೊಸರನ್ನು ಸಕ್ಕರೆಯಲ್ಲಿ ಮುಚ್ಚಿಡೋದು ಬೇರೆ ವಿಷಯ.

ಆಮೇಲೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ ನೋಡಿದೆ. ಮೂರು ತಾಸಿಗೆ ಹುಳಿ ನೀರು ಇಳಿದು ಗಟ್ಟಿ ಮೊಸರು ಉಳೀತು, ಹುಳಿಯೂ ತಗ್ಗಿತ್ತು, ಅವಳು ತಿಂದಳು. ಗೆದ್ದೆ ಅಂದ್ಕೊಂಡೆ. ಆದರೆ ಪಶು ಇಲಾಖೆಯ ತರಬೇತಿಯಲ್ಲಿ ಕೇಳಿದ್ದು ತಲೆಯಲ್ಲಿತ್ತು: ಹುಳಿಯಾದಾಗ ಹಾಲಿನ ಕ್ಯಾಲ್ಸಿಯಂ ಕರಗಿ ಆ ನೀರಿಗೇ ಸೇರ್ಕೊಳುತ್ತೆ. ಅಂದ್ರೆ ನಾನು ಯಾವುದಕ್ಕೆ ಮೊಸರು ತಿನ್ನಿಸಬೇಕೋ ಅದರಲ್ಲೇ ಒಂದು ಪಾಲನ್ನ ಬಟ್ಟೆಯಿಂದ ಕೆಳಗೆ ಇಳಿಸ್ತಿದ್ದೆ. ಆ ನೀರನ್ನ ರೊಟ್ಟಿ ಹಿಟ್ಟು ಕಲಸೋಕೆ, ಅಂಬಲಿಗೆ ಬಳಸಿದ್ರೆ ಸರಿ. ಎಮ್ಮೆಕರು ಕುಡಿದ್ರೆ ಎಮ್ಮೆಕರುವಿನ ಮೂಳೆ ಗಟ್ಟಿ ಆಗುತ್ತೆ ಅಷ್ಟೇ.

ಯಾರೋ ಚಿಟಿಕೆ ಅಡುಗೆ ಸೋಡಾ ಹಾಕಿ ಅಂದ್ರು. ಹಾಕಿದೆ. ಬುರುಬುರು ಉಬ್ಬಿತು, ಹುಳಿ ಹೋಯ್ತು, ಸಾಬೂನಿನ ರುಚಿ ಬಂತು. ನೀವು ಮಾಡಬೇಡಿ.

ಗುಟ್ಟು ಬಿಟ್ಟುಕೊಟ್ಟಿದ್ದು ಕರೆಂಟು. ಏಪ್ರಿಲ್ ತಿಂಗಳು, ನಮ್ಮ ಫೀಡರಿಗೆ ತ್ರೀ ಫೇಸ್ ರಾತ್ರಿ ಪಾಳಿ. ಹತ್ತಕ್ಕೆ ಮೋಟಾರ್ ಹಾಕಿ, ತೋಟಕ್ಕೆ ನೀರು ತಿರುಗಿಸಿ, ಒಂದೂವರೆಗೆ ಮನೆಗೆ ಬಂದೆ. ಹಸಿವು. ಮುದ್ದೆ ಮಿಕ್ಕಿರಲಿಲ್ಲ, ಅನ್ನ ಇತ್ತು. ಒಲೆ ಪಕ್ಕದಲ್ಲಿ ಎಂಟಕ್ಕೆ ಹೆಪ್ಪು ಹಾಕಿಟ್ಟ ಪಾತ್ರೆ ಮುಚ್ಚಳ ತೆಗೆದು ನೋಡಿದೆ, ಆಗಲೇ ಗಟ್ಟಿಯಾಗಿತ್ತು. ಒಂದು ಸೌಟು ಹಾಕ್ಕೊಂಡು ಕಲಸಿ ಬಾಯಿಗಿಟ್ರೆ ನನ್ನ ಮನೆ ಮೊಸರೇ ಅಲ್ಲ ಅದು. ಹಾಲಿನ ಸಿಹಿ ಇನ್ನೂ ಇತ್ತು. ಬೆಳಿಗ್ಗೆ ಏಳಕ್ಕೆ ಅದೇ ಪಾತ್ರೆಯಿಂದ ಇನ್ನೊಂದು ಚಮಚ ತಗೊಂಡೆ. ಹುಳಿ. ಮಧ್ಯಾಹ್ನ ಊಟಕ್ಕೆ ಬಡಿಸೋ ಹೊತ್ತಿಗೆ ಹಲ್ಲು ಜುಮ್ಮನ್ನೋ ಹುಳಿ.

ಅಲ್ಲಿಗೆ ಅರ್ಥ ಆಯ್ತು. ನಾವು ತಿಂತಿದ್ದಿದ್ದು ಮೊಸರಾಗಿ ಹನ್ನೆರಡು ತಾಸು ದಾಟಿದ್ದು.

ಹಾಲಿನ ಪಿಎಚ್ ಸುಮಾರು 6.6. ಹೆಪ್ಪಿನಲ್ಲಿರೋ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡ್ತಾ ಹೋಗ್ತವೆ. ಪಿಎಚ್ 4.6ರ ಹತ್ತಿರ ಇಳಿದಾಗ ಹಾಲಿನ ಪ್ರೋಟೀನ್ ಒಂದಕ್ಕೊಂದು ಅಂಟ್ಕೊಂಡು ಗಟ್ಟಿಯಾಗುತ್ತೆ. ನಮ್ಮ ಕಣ್ಣಿಗೆ ಕೆಲಸ ಮುಗೀತು. ಅವುಗಳ ಪಾಲಿಗೆ ಮುಗಿದಿಲ್ಲ. ಬೆಚ್ಚಗಿರೋ ತನಕ ಆಮ್ಲ ಮಾಡ್ತಾನೇ ಇರ್ತವೆ. 40ರಿಂದ 45 ಡಿಗ್ರಿ ಬಿಸಿಯಲ್ಲಿ ನಾಲ್ಕೈದು ತಾಸಿಗೆಲ್ಲ ಹೆಪ್ಪಾಗುತ್ತೆ. ಫ್ರಿಜ್ಜಿನಲ್ಲಿಟ್ರೆ ನಿಧಾನ ಆಗ್ತವೆ, ಪೂರ್ತಿ ನಿಲ್ಲಲ್ಲ, ಅದಕ್ಕೇ ಫ್ರಿಜ್ಜಿನ ಮೊಸರೂ ಮೂರ್ನಾಲ್ಕು ದಿನಕ್ಕೆ ಹುಳಿ.

ರಾತ್ರಿ ಹೆಪ್ಪು ಹಾಕೋ ಪದ್ಧತಿ ತಪ್ಪಲ್ಲ. ಮಾಗಿ ಚಳಿಯಲ್ಲಿ, ಮಳೆಗಾಲದಲ್ಲಿ ರಾತ್ರಿಯೆಲ್ಲ ಬೇಕಾಗುತ್ತೆ. ಆದರೆ ಹಾಲು ತಣ್ಣಗಾಗದಿರಲಿ ಅಂತ ಚಳಿಗಾಲದಲ್ಲಿ ಒಲೆ ಪಕ್ಕ ಇಟ್ಟ ಪಾತ್ರೆನ ಯುಗಾದಿ ಕಳೆದರೂ ಅಲ್ಲಿಂದ ಯಾರೂ ಎತ್ತಿಡಲಿಲ್ಲ. ಕಾಲ ಬದಲಾದ್ರೆ ಬಿತ್ತನೆ ಬದಲಾಯಿಸ್ತೀವಿ, ನೀರು ಬದಲಾಯಿಸ್ತೀವಿ, ಹೆಪ್ಪಿನ ಹೊತ್ತು ಮಾತ್ರ ವರ್ಷಪೂರ್ತಿ ರಾತ್ರಿ ಎಂಟು ಗಂಟೆ.

ಇದನ್ನ ಅವಳಿಗೆ ದೊಡ್ಡ ಸಂಶೋಧನೆ ಅನ್ನೋ ಥರ ಹೇಳಿದೆ. ಅವಳು ಅಕ್ಕಿ ಆರಿಸ್ತಾ ಇದ್ದಳು. ತಲೆ ಎತ್ತದೆ, 'ಮದುವೆ ಆದ ಹೊಸದ್ರಲ್ಲೇ ಹೇಳಿದ್ನಲ್ರೀ' ಅಂದಳು.

ಹೇಳಿದ್ದು ಹೌದು. ಅವಳ ತವರು ಹರಿಹರದ ಕಡೆ, ಎಮ್ಮೆ ಕಟ್ಟಿದ ಮನೆ. ಎಮ್ಮೆ ಹಾಲಲ್ಲಿ ಕೊಬ್ಬು ಆರೇಳು ಪರ್ಸೆಂಟ್, ನಮ್ಮ ಎಚ್‌ಎಫ್ ಹಸುವಿನದ್ದು ಮೂರೂವರೆ, ಅದರ ಮೇಲೆ ಕೆನೆ ತೆಗೆದು ಬೆಣ್ಣೆಗೆ ಇಡ್ತೀವಿ. ಕೊಬ್ಬಿದ್ರೆ ಅಷ್ಟೇ ಹುಳಿಯೂ ನಾಲಿಗೆಗೆ ಚುಚ್ಚಲ್ಲ. ಬಂದ ಮೊದಲ ತಿಂಗಳು ಊಟಕ್ಕೆ ಕೂತಾಗ 'ಅತ್ತೆ, ಮೊಸರು ಸ್ವಲ್ಪ ಹುಳಿ ಬಂದೈತಲ್ವಾ' ಅಂತ ಕೇಳಿದ್ಲಂತೆ. ಅದಕ್ಕೆ ನಮ್ಮವ್ವ, 'ಮೊಸರು ಹುಳಿ ಇರದೆ ಪಾಯಸದಂಗೆ ಇರುತ್ತೇನವ್ವ' ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ನನಗೆ ಈಗಲೂ ನೆನಪೈತೆ. ಅವತ್ತಿಂದ ಅವಳು ಮೊಸರಿನ ಸುದ್ದಿ ಎತ್ತಿಲ್ಲ. ನಾವು ಅದನ್ನ ಸೇರಲ್ಲ ಅಂತ ಬರೆದಿಟ್ಕೊಂಡ್ವಿ.

ನನ್ನ ಅಭಿಪ್ರಾಯ ಇಷ್ಟು. ಯಾರಾದ್ರೂ, ಮಗು ಆಗ್ಲಿ ಸೊಸೆ ಆಗ್ಲಿ, ಮೊಸರು ಬೇಡ ಅಂತ ತಟ್ಟೆ ಸರಿಸಿದ್ರೆ ಮೊದಲು ಪಾತ್ರೆ ನೋಡಿ. ಪಟ್ಟಣದಿಂದ ಬಂದ ಮಕ್ಕಳು ಮನೆ ಮೊಸರು ಬಿಟ್ಟು ಅಂಗಡಿ ಡಬ್ಬಿದು ಕೇಳ್ತವೆ ಅಂತ ನಾವು ಎಷ್ಟು ಬೈಕೊಂಡಿದೀವಿ! ಆ ಡಬ್ಬಿದು ಸರಿಯಾದ ಹೊತ್ತಿಗೆ ತಣ್ಣಗೆ ಮಾಡಿದ್ದು, ಅದಕ್ಕೇ ಹುಳಿ ಕಡಿಮೆ. ಹಸು ನಮ್ಮದು, ಹಾಲು ನಮ್ಮದು, ಬರೀ ಹೊತ್ತು ನೋಡದೆ ಸೋಲ್ತಿದೀವಿ.

ಈಗ ನಾವು ಮಾಡ್ತಿರೋದು ಹೇಳ್ತೀನಿ, ನಿಮ್ಮ ಕಡೆ ಬಿಸಿಲು ಚಳಿ ನೋಡ್ಕೊಂಡು ಬದಲಾಯಿಸ್ಕೊಳ್ಳಿ. ಬೆಳಗಿನ ಹಾಲಲ್ಲಿ ಅರ್ಧ ಲೀಟರ್ ಡೇರಿಗೆ ಹಾಕದೆ ಉಳಿಸ್ಕೊಳ್ತೀವಿ. ಉಕ್ಕಿದ ಕೂಡಲೇ ಇಳಿಸದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದ್ರೆ ಮೊಸರು ಗಟ್ಟಿ ಬರುತ್ತೆ, ನೀರೊಡೆಯಲ್ಲ. ಕೆನೆ ತೆಗೆಯಲ್ಲ. ಬೆರಳಿಟ್ರೆ ಹಿತವಾದ ಬಿಸಿ ಅನ್ನಿಸೋ ತನಕ ಆರಿಸಿ, ಒಂದು ಟೀ ಚಮಚ ಹೆಪ್ಪು. ಬೇಗ ಆಗಲಿ ಅಂತ ಸೌಟುಗಟ್ಟಲೆ ಹಾಕಿದ್ರೆ ಹುಳಿನೂ ಸೌಟುಗಟ್ಟಲೆ. ಹೆಪ್ಪು ಹಿಂದಿನ ದಿನದ ಸಿಹಿ ಮೊಸರಿಂದ ತೆಗೆದಿಟ್ಟಿದ್ದಾಗಿರಬೇಕು, ಮೂರು ದಿನದ ತಳದ್ದಲ್ಲ. ಎಂಟೂವರೆಗೆ ಹಾಟ್‌ಬಾಕ್ಸಿನಲ್ಲಿಟ್ರೆ ಬೇಸಿಗೆಯಲ್ಲಿ ಒಂದಕ್ಕೆ ತಯಾರು. ಊಟ ಆದ ಕೂಡಲೇ ಉಳಿದಿದ್ದು ಫ್ರಿಜ್ಜಿಗೆ. ಕರೆಂಟು ಹೋದ್ರೆ ನೀರು ತುಂಬಿದ ಮಣ್ಣಿನ ಬೋಗುಣಿಯಲ್ಲಿ ಪಾತ್ರೆ ಇಳಿಬಿಡ್ತೀವಿ, ಮೊದಲು ಎಲ್ಲರ ಮನೇಲೂ ಮಾಡ್ತಿದ್ದದ್ದೇ.

ಹಸು ಕಟ್ಟಿದವರಿಗೆ ಇನ್ನೊಂದು ಮಾತು. ನಡುವೆ ನಾಲ್ಕು ದಿನ ಎಷ್ಟು ಹೊತ್ತಾದರೂ ಹೆಪ್ಪಾಗದೆ, ಹೆಪ್ಪು ಜಾಸ್ತಿ ಹಾಕಿದ್ರೆ ಲೋಳೆ ಲೋಳೆ ಹುಳಿ ನೀರಾಯ್ತು. ಹೆಪ್ಪಿನ ದೋಷ ಅಂದ್ಕೊಂಡು ಪಕ್ಕದ ಮನೆಯಿಂದ ಬೇರೆ ತಂದ್ವಿ, ಆಗಲೂ ಅದೇ. ಆಮೇಲೆ ಹೊಳೀತು, ಕೆಂಪು ಹಸುವಿಗೆ ಕೆಚ್ಚಲು ಬಾವು ಅಂತ ಇಂಜೆಕ್ಷನ್ ಕೊಡಿಸಿದ್ವಿ. ಡೇರಿಗೆ ಹಾಕಬಾರದು ಅಂತ ಗೊತ್ತಿತ್ತು, ಮನೆಗೆ ಆಗುತ್ತೆ ಅಂದ್ಕೊಂಡಿದ್ದು ನನ್ನ ಮೂರ್ಖತನ. ಹಸುವಿನ ರೋಗಾಣು ಕೊಲ್ಲೋ ಆಂಟಿಬಯಾಟಿಕ್ ಹಾಲಲ್ಲಿ ಬಂದ್ರೆ ಹೆಪ್ಪಿನ ಜೀವಾಣುವನ್ನೂ ಬಿಡಲ್ಲ. ವೈದ್ಯರು ಹೇಳಿದಷ್ಟು ದಿನ ಆ ಹಾಲು ಡೇರಿಗೂ ಬೇಡ, ಮನೆಗೂ ಬೇಡ.

ಈಗಾಗಲೇ ಹುಳಿ ಬಂದಿದ್ರೆ ಏನು ಮಾಡೋದು ಅಂತೀರ. ಕಾಯಿಸಿ ಆರಿಸಿದ ಹಾಲು ಸೇರಿಸಿ ಕಲಸಿದ್ರೆ ಆ ಹೊತ್ತಿನ ಊಟಕ್ಕೆ ಸಾಕು. ಮದುವೆ ಮನೆ ಅಡುಗೆಯವರ ಮೊಸರನ್ನ ನೋಡಿದೀರಲ್ಲ, ಅದು ನಿಜವಾಗಿ ಹಾಲನ್ನ. ಬಿಸಿ ಅನ್ನ ಮೆತ್ತಗೆ ಕಿವುಚಿ, ಹಾಲು ಸುರಿದು, ಬೆಣ್ಣೆ ಹಾಕಿ, ಆರಿದ ಮೇಲೆ ಸ್ವಲ್ಪ ಮೊಸರು ಬೆರೆಸ್ತಾರೆ, ಪಂಕ್ತಿ ಕೂರೋ ಹೊತ್ತಿಗೆ ಹದಕ್ಕೆ ಬಂದಿರುತ್ತೆ. ಧರ್ಮಸ್ಥಳಕ್ಕೆ ಬುತ್ತಿ ಕಟ್ಟೋರೂ ಹಾಗೇ. ಮೇಲೆ ಸಾಸಿವೆ, ಇಂಗು, ಶುಂಠಿ ಒಗ್ಗರಣೆ, ದಾಳಿಂಬೆ ಕಾಳು, ಇಲ್ಲ ಎಳೆ ಸೌತೆಕಾಯಿ ತುರಿ ಇದ್ರೆ ಮಕ್ಕಳು ಎರಡನೇ ಸಲ ಕೇಳ್ತವೆ. ಇನ್ನೂ ಹುಳಿ ಆದದ್ದಕ್ಕೆ ಮಜ್ಜಿಗೆಹುಳಿ ಐತೆ, ಬೂದುಗುಂಬಳ ತನ್ನಿ. ಹುಳಿ ಮೊಸರಿಗೆ ಅದರದ್ದೇ ಜಾಗ ಐತೆ, ಅದನ್ನ ಬೇಡದವರ ತಟ್ಟೆಗೆ ಬಲವಂತವಾಗಿ ಹಾಕಬಾರದು ಅಷ್ಟೇ.

ಈಗ ಮನೇಲಿ ಎರಡು ಪಾತ್ರೆ. ಅವ್ವನಿಗೆ 80 ದಾಟಿದೆ, ಅವರದ್ದು ರಾತ್ರಿ ಎಂಟರದ್ದೇ, ಒಲೆ ಪಕ್ಕದ್ದೇ. ಹೋದ ವಾರ ಅವರಾಗೇ 'ಆ ಸಣ್ಣ ಪಾತ್ರೇದು ಒಂದಿಷ್ಟು ಹಾಕು ನೋಡನ' ಅಂದ್ರು. ನಾಲಿಗೆಗೆ ಹಚ್ಚಿ, 'ಹಾಲಿಗೆ ಇನ್ನೂ ಬುದ್ಧಿ ಬಂದಿಲ್ಲ' ಅಂತ ಹೇಳಿ ತಮ್ಮದನ್ನೇ ಬಡಿಸ್ಕೊಂಡ್ರು. ನಮ್ಮನೆಯವಳು ನಕ್ಕಳು. ನಕ್ಕೊಂಡೇ ಉಳಿದಿದ್ದನ್ನ ತನ್ನ ಅನ್ನಕ್ಕೆ ಹಾಕ್ಕೊಂಡು ಊಟ ಮುಗಿಸಿದ್ಲು, ಸಕ್ಕರೆ ಇಲ್ಲದೆ. ಮಂಡಿ ನೋವು ಹೋಯ್ತಾ ಅಂತ ಕೇಳಬೇಡಿ, ಮಾತ್ರೆ ಇನ್ನೂ ನಡೀತಿದೆ.

ಬೆಳಿಗ್ಗೆ ಹಾಲು ಅರ್ಧ ಲೀಟರ್ ಯಾಕೆ ಕಡಿಮೆ ಬರ್ತಿದೆ, ಹಸು ಬತ್ತುತಾ ಇದ್ಯಾ ಅಂತ ಡೇರಿಯಲ್ಲಿ ಕೇಳಿದ್ರು. ಇಲ್ಲ, ಮನೇಲಿ ಮೊಸರಿಗೆ ಒಬ್ಬರು ಜಾಸ್ತಿ ಆಗಿದಾರೆ ಅಂದೆ.

ಕಪ್ಪುತಲೆ ಹುಳ ಮುಂದಿನ ವಾರ.