ಹೊಳೆಯ ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಗಿರಣಿಯಲ್ಲಿ ದುಡಿಯುವವನಿಗೆ ಹಾಜರಿ ಪುಸ್ತಕದ ಬೆಲೆ ಗೊತ್ತು. ಪುಸ್ತಕ ಯಾರ ಕೈಯಲ್ಲಿದೆಯೋ ಕೂಲಿಯೂ ಅವರ ಕೈಯಲ್ಲಿ. ಅಂಗಡಿಯವನಿಗೆ ಕಿರ್ದಿಯ ಬೆಲೆ ಗೊತ್ತು. ಬರೆದಿಡದ ಸರಕು ಕಳುವಾದರೆ ದೂರು ಕೊಡಲಿಕ್ಕೂ ಆಧಾರವಿಲ್ಲ. ನಮ್ಮ ಹೊಳೆಗಳ ಗತಿ ಇಂದು ಕಿರ್ದಿಯಿಲ್ಲದ ಅಂಗಡಿಯ ಗತಿಯೇ ಆಗಿದೆ. ಪಿರಿಯಾಪಟ್ಟಣದ ಅಂಚಿನ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ಕೃಷ್ಣರಾಜನಗರದ ಕೆಳಗಿನ ಕನ್ನಂಬಾಡಿ ಹಿನ್ನೀರು, ಹೆಗ್ಗಡದೇವನಕೋಟೆಯ ಕಬಿನಿ – ಇವುಗಳಲ್ಲಿ ಯಾವ ಮೀನು ಉಳಿದಿದೆ, ಯಾವುದು ಅಳಿದಿದೆ ಎಂದು ಕೇಳಿದರೆ ತೆರೆದು ತೋರಿಸುವ ಪುಸ್ತಕ ಜನರ ಕೈಯಲ್ಲಿಲ್ಲ.

ಲೆಕ್ಕವೇ ಇರಲಿಲ್ಲವೆಂದಲ್ಲ, ಇದ್ದ ಲೆಕ್ಕ ಯಾರದೆಂದು ನೋಡಿ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದರು. ಆ ತೂಕ ಇಂದಿಗೂ ದಾಖಲೆಯಾಗಿ ಉಳಿದಿದೆ. ಅದೇ ಹೊಳೆಯಲ್ಲಿ ಬಲೆ ಬೀಸಿ ಮಕ್ಕಳ ಹೊಟ್ಟೆ ಹೊರೆದವರ ಮೀನನ್ನು ಯಾರು ತೂಗಿ ಬರೆದಿಟ್ಟರು? ಕಾವೇರಿಯ ಗೂನುಬೆನ್ನಿನ ಮಹಶೀರ್ ನಶಿಸುತ್ತಿದೆ ಎಂಬುದು ತಿಳಿದದ್ದೂ ಮೋಜಿಗಾಗಿ ಗಾಳ ಹಾಕುವವರು 1998ರಿಂದ 2012ರವರೆಗೆ ಇಟ್ಟ ಲೆಕ್ಕದಿಂದಲೇ. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚಿತು. ಹೊಳೆಯ ಸ್ವಂತ ಮೀನು ಕುಗ್ಗಿತು. ಅದರ ಶಾಸ್ತ್ರೀಯ ಹೆಸರು ಟೋರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ವಿನಾಶದ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಮರಣಶಯ್ಯೆಯೂ ಒಂದೇ ವರ್ಷ!

ಈಗ ಹೊಸದೊಂದು ವಿಧಾನ ಬಂದಿದೆ. ಮೀನು ಈಜುವಲ್ಲೆಲ್ಲ ತನ್ನ ಲೋಳೆ, ಹುರುಪೆ, ಮಲಗಳನ್ನು ನೀರಿಗೆ ಬಿಡುತ್ತದೆ. ಅವುಗಳಲ್ಲಿ ಆ ಜಾತಿಯ ಗುರುತಾದ ಡಿಎನ್‌ಎ ಇರುತ್ತದೆ. ಒಂದೆರಡು ಲೀಟರ್ ನೀರನ್ನು ಅತಿ ಸಣ್ಣ ರಂಧ್ರದ ಹಾಳೆಯಲ್ಲಿ ಸೋಸಿ, ಹಾಳೆಗೆ ಅಂಟಿದ ಡಿಎನ್‌ಎಯನ್ನು ಪ್ರಯೋಗಾಲಯದಲ್ಲಿ ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸಿ ಓದುತ್ತಾರೆ. ಮೊದಲೇ ಗೊತ್ತಿರುವ ಜಾತಿಗಳ ಪಟ್ಟಿಯೊಡನೆ ತಾಳೆ ನೋಡುತ್ತಾರೆ. 2012ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಅರ್ಧರ್ಧ ಲೀಟರ್ ಕಡಲ ನೀರಿನಿಂದಲೇ 15 ಜಾತಿಯ ಮೀನುಗಳನ್ನು ಗುರುತಿಸಿದರು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರು ಒಡಿಶಾದ ಚಿಲಿಕಾ ಸರೋವರದ ನೀರನ್ನು ಹೀಗೆಯೇ ಪರೀಕ್ಷಿಸಿದ್ದಾರೆ. ಬಲೆ ಬೇಡ, ಮೀನು ಸಾಯಬೇಕಿಲ್ಲ. ಕಡಲಿಗೆ ಸಲ್ಲುವ ಈ ಕ್ರಮ ಕಬಿನಿಗೆ ಸಲ್ಲದೆ?

ಸಲ್ಲುತ್ತದೆ. ಆದರೆ ಯಂತ್ರ ಹೇಳಿದ್ದೇ ವೇದವೆಂದು ನಂಬಿಸುವವರ ಮಾತಿಗೆ ಮರುಳಾಗಬೇಡಿ. ಈ ಪರೀಕ್ಷೆ ಹಾಜರಿ ಹೇಳುತ್ತದೆ, ತೂಕ ಹೇಳುವುದಿಲ್ಲ. ಮೀನು ಎಷ್ಟು, ಮರಿಯೋ ಬಲಿತದ್ದೋ ಎಂಬುದನ್ನು ಖಚಿತವಾಗಿ ತಿಳಿಸದು. ತಾಳೆ ನೋಡುವ ಪಟ್ಟಿಯಲ್ಲಿ ಇಲ್ಲದ ಜಾತಿ ನೀರಿನಲ್ಲಿದ್ದರೂ ಗುರುತು ಸಿಕ್ಕದು. ಹರಿಯುವ ನೀರು ಮೇಲಿನ ಗುರುತನ್ನು ಕೆಳಗೆ ತರುತ್ತದೆ. ಸಂತೆಯಲ್ಲಿ ಮಂಗಳೂರಿನ ಮೀನು ತೊಳೆದ ನೀರು ಚರಂಡಿ ಹಿಡಿದು ಲಕ್ಷ್ಮಣತೀರ್ಥಕ್ಕೆ ಬಿದ್ದರೆ ಹುಣಸೂರಿನ ಹೊಳೆಯಲ್ಲಿ ಬಂಗುಡೆ ಇದೆಯೆಂದು ವರದಿ ಬಂದೀತು! ಅದನ್ನು ಕಂಡು ನಕ್ಕು ತಿದ್ದಬಲ್ಲವನು ಬಲೆ ಹಿಡಿದ ಮನುಷ್ಯನೇ. ಮುಂಗಾರಿನ ಹೊಸನೀರಿಗೆ ಯಾವ ಮೀನು ಹತ್ತುತ್ತದೆ, ಯಾವ ಮಡುವಿನಲ್ಲಿ ಬೇಸಿಗೆ ಕಳೆಯುತ್ತದೆ ಎಂಬುದು ಅವನ ವಿದ್ಯೆ. ಆ ವಿದ್ಯೆಯನ್ನು ಬದಿಗೊತ್ತಿ ಮಾಡಿದ ಲೆಕ್ಕ ಅರೆಲೆಕ್ಕ.

ಇನ್ನು ಕೆಲವರು ಕೇಳುತ್ತಾರೆ: ಬಡವನಿಗೆ ಅನ್ನ ಮೊದಲು, ಮೀನಿನ ಡಿಎನ್‌ಎಗೆ ಹಣವೇಕೆ? ಸ್ವಾಮಿ, ಸಂತೆಯಲ್ಲಿ ಹೊಳೆಮೀನು ಕೊಂಡು ಸಾರು ಮಾಡುವವರು ಬಡವರಲ್ಲದೆ ಮತ್ತಾರು? ಹೊಳೆ ಬರಿದಾದರೆ ಹೋಗುವುದು ಅವರ ತಟ್ಟೆಯ ಮೀನು, ಮಾರುವವಳ ಬುಟ್ಟಿಯ ಲಾಭ. ಮೀನು ಕಡಿಮೆಯಾಯಿತೆಂದೊಡನೆ ತಪ್ಪು ಹೊರಿಸುವುದೂ ಮೀನುಗಾರನ ಮೇಲೆಯೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ 351 ಕಡೆ ನದಿಗಳು ಕೆಟ್ಟಿವೆ ಎಂದು ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದವು 17. ಲಕ್ಷ್ಮಣತೀರ್ಥ, ಕಬಿನಿ, ಕಾವೇರಿ ಮೂರೂ ಅದರಲ್ಲಿದ್ದವು. ಆ ಪಟ್ಟಿ ಅಳೆದದ್ದು ಕೊಳೆ ತಿನ್ನುವ ಆಮ್ಲಜನಕವನ್ನು. ಆ ನೀರಿನಲ್ಲಿ ಯಾವ ಜೀವ ಉಳಿಯಿತೆಂದು ಅದು ಹೇಳಲಿಲ್ಲ. ಊರ ಕೊಳಚೆಯ ಮೇಲುಭಾಗದಲ್ಲಿ ಒಂದು, ಕೆಳಭಾಗದಲ್ಲಿ ಒಂದು ಸೀಸೆ ನೀರು ಹಿಡಿದು ಪರೀಕ್ಷಿಸಿ. ಮೇಲೆ ಇರುವ ಜಾತಿಗಳು ಕೆಳಗೆ ಮತ್ತೆ ಮತ್ತೆ ಕಾಣದೆ ಹೋದರೆ, ಮೀನನ್ನು ಓಡಿಸಿದ್ದು ಬಲೆಯೋ ಚರಂಡಿಯೋ ಎಂದು ವಿಚಾರಿಸಲು ಆಧಾರ ಸಿಗುತ್ತದೆ. ಬಡವನ ಪರವಾಗಿ ಸಾಕ್ಷಿ ಹೇಳಬಲ್ಲ ವಿದ್ಯೆ ಇದು. ಇದನ್ನು ಶ್ರೀಮಂತರ ವಿಲಾಸವೆಂದು ತಳ್ಳಿಹಾಕುವುದು ಯಾರಿಗೆ ಅನುಕೂಲ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಒಂದು: ಈ ನಾಲ್ಕು ತಾಲ್ಲೂಕುಗಳ ಹೊಳೆ, ಹಿನ್ನೀರುಗಳನ್ನು ಮುಂಗಾರಿಗೆ ಮೊದಲು ಒಮ್ಮೆ, ಅನಂತರ ಒಮ್ಮೆ, ವರ್ಷ ವರ್ಷವೂ ಪರೀಕ್ಷಿಸಬೇಕು. ಎರಡು: ಪರೀಕ್ಷೆ ಸಾರ್ವಜನಿಕ ಸಂಸ್ಥೆಗಳ ಕೈಯಲ್ಲಿರಬೇಕು. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಮೂರು: ನೀರು ಹಿಡಿಯುವ ಜಾಗವನ್ನು ಮೀನುಗಾರರೊಡನೆ ಕೂತು ಗೊತ್ತುಮಾಡಬೇಕು, ಅವರ ಆ ದಿನದ ದುಡಿಮೆಗೆ ಕೂಲಿ ಕೊಡಬೇಕು. ನಾಲ್ಕು: ಫಲಿತಾಂಶವನ್ನು ಕನ್ನಡದಲ್ಲಿ, ಮೀನಿನ ಊರಹೆಸರಿನೊಡನೆ, ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಜನತೆಯ ದಾಖಲಾತಿ ಪುಸ್ತಕ ಇರಬೇಕು. ಈ ಲೆಕ್ಕ ಆ ಪುಸ್ತಕಕ್ಕೆ ಏರಲಿ. ಐದು: ಕೊಳಚೆ ನಿಲ್ಲಿಸುವ ಕೆಲಸ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯಬಾರದು. ರೋಗಿಯ ಜ್ವರ ಅಳೆಯುತ್ತ ಕೂತು ಮದ್ದು ಮರೆಯುವ ವೈದ್ಯ ನಮಗೆ ಬೇಡ.

ಮುಂದಿನ ಗ್ರಾಮಸಭೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಎಲ್ಲಿದೆ, ತಂದು ತೋರಿಸಿ. ಇದ್ದರೆ ಅದರಲ್ಲಿ ಮೀನಿನ ಪುಟವನ್ನು ಓದಿಸಿ. ಇಲ್ಲದಿದ್ದರೆ ಇಲ್ಲವೆಂದು ನಡಾವಳಿಯಲ್ಲಿ ಬರೆಸಿ. ಹೊಳೆ ಜನರದು, ಅದರ ಹಾಜರಿ ಪುಸ್ತಕವೂ ಜನರ ಕೈಗೆ ಬರಲಿ.