ವೆಲೆಸ್ ಊರಿನ ಹುಡುಗ ಬರೆದ ಪದ್ಯ

ಗೆಳೆಯರೇ, ಒಮ್ಮೆ ಭೂಪಟ ತೆಗೆದು ಮ್ಯಾಸಿಡೋನಿಯ ಎಲ್ಲಿದೆ ಅಂತ ಹುಡುಕಿ. ಗ್ರೀಸಿನ ನೆತ್ತಿಯ ಮೇಲೆ, ಬಲ್ಗೇರಿಯದ ಪಕ್ಕ, ಅಲ್ಬೇನಿಯಕ್ಕೆ ಬೆನ್ನು ತಾಗಿಸಿ ಕೂತಿರುವ ಪುಟ್ಟ ದೇಶ. 2021ರ ಗಣತಿಯ ಲೆಕ್ಕದಲ್ಲಿ ಅಲ್ಲಿರುವವರು 18 ಲಕ್ಷ 36 ಸಾವಿರ ಮಂದಿ. ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ 2011ರಲ್ಲಿ 30 ಲಕ್ಷ ಜನ ಇದ್ದರು. ಒಂದು ಜಿಲ್ಲೆಯಷ್ಟೂ ಇಲ್ಲದ ಈ ದೇಶದ ಹೆಸರಿನ ಮೇಲೆಯೇ ಗ್ರೀಸ್ ತಕರಾರು ತೆಗೆದು ವರ್ಷಗಟ್ಟಲೆ ಸತಾಯಿಸಿ, ಕೊನೆಗೆ 2019ರಲ್ಲಿ ಅದು 'ಉತ್ತರ ಮ್ಯಾಸಿಡೋನಿಯ' ಎಂದು ಬೋರ್ಡು ಬದಲಿಸಿಕೊಳ್ಳಬೇಕಾಯಿತು. ಬಲ್ಗೇರಿಯದವರದು ಇನ್ನೊಂದು ರಾಗ. ನಿಮ್ಮದು ಭಾಷೆಯೇ ಅಲ್ಲ, ನಮ್ಮ ಭಾಷೆಯದೇ ಒಂದು ಬಗೆ ಅಂತ. ಇಂಥ ಮಾತು ಕೇಳಿದರೆ ಮೈ ಹೇಗೆ ಉರಿಯುತ್ತದೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಿಲ್ಲ.

ಹೀಗಿರುವಾಗ ಅವರ ಸಿನಿಮಾಗಳಲ್ಲಿ ಏನಿರಬಹುದು ಎಂದು ನೀವು ಊಹಿಸುತ್ತೀರಿ? ಬಾವುಟ, ತಾಯ್ನುಡಿಯ ಜಯಘೋಷ, ಕತ್ತಿ ಹಿಡಿದ ಪೂರ್ವಜರು? ಅವೂ ಇವೆ, ಇಲ್ಲವೆಂದಲ್ಲ. ಆದರೆ ಹೊರಗೆ ನೆನಪಿನಲ್ಲಿ ಉಳಿದದ್ದು ಆ ಚಿತ್ರಗಳಲ್ಲ. ಉಳಿದದ್ದು ಶಾಲೆಯಲ್ಲಿ ಏಟು ತಿನ್ನುವ ಹುಡುಗ, ಮೊಬೈಲಿನಿಂದ ಗೆಳತಿಯ ಮಾನ ಹರಾಜು ಹಾಕುವ ಹುಡುಗಿ, ಕುರಿ ಕಾಯುತ್ತ ಹಾಡಿಗೆ ಕಿವಿಗೊಡುವ ಪೋರ. ನಮ್ಮ ಪರದೆಯ ಮೇಲೆ ಹದಿಹರೆಯ ಅಂದರೆ ಏನು? ಕಾಲೇಜಿನ ಗೇಟು, ಬೈಕು, ಹುಡುಗಿಯ ಹಿಂದೆ ಐದು ಹಾಡು. ಹದಿನೆಂಟರ ಹುಡುಗನ ಪಾತ್ರಕ್ಕೆ ಮೂವತ್ತೈದು ದಾಟಿದ ನಾಯಕ. ಇದನ್ನೇ ನೋಡಿ ಬೆಳೆದ ನಾವು ಆ ಚಿತ್ರಗಳನ್ನು ನೋಡಿದಾಗ ಮೊದಲು ಆಗುವುದು ಸಂಕಟ. ಆಮೇಲೆ ನಾಚಿಕೆ.

ಒಂದು ಚಿತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 'ಇಲುಜಿಯ', 2004ರದು. ಇಂಗ್ಲಿಷಿನಲ್ಲಿ 'ಮಿರಾಜ್' ಎಂದು ಹೆಸರು, ನಮ್ಮ ಮಾತಿನಲ್ಲಿ ಬಿಸಿಲ್ಗುದುರೆ. ನಿರ್ದೇಶಕ ಸ್ವೆತೊಜಾರ್ ರಿಸ್ತೊವ್ಸ್ಕಿ. ನಡೆಯುವುದು ವೆಲೆಸ್ ಎಂಬ ಕೈಗಾರಿಕಾ ಊರಿನಲ್ಲಿ. ಮಾರ್ಕೊ ಎಂಬ ಶಾಲಾ ಹುಡುಗ. ಅಪ್ಪ ಕುಡುಕ, ಜೂಜಿನ ಚೀಟಿಯಲ್ಲಿ ಅದೃಷ್ಟ ಹುಡುಕುವವನು. ಅಕ್ಕನಿಗೆ ತಮ್ಮನನ್ನು ಕಂಡರಾಗದು. ಶಾಲೆಯಲ್ಲಿ ಪುಂಡರ ಗುಂಪು ಇವನನ್ನು ದಿನವೂ ಬಡಿಯುತ್ತದೆ, ಅವರ ನಾಯಕನೋ ಪೊಲೀಸ್ ಅಧಿಕಾರಿಯ ಮಗ. ಕೇಳುವವರು ಯಾರು? ಈ ಹುಡುಗನಿಗೆ ಇರುವುದು ಒಂದೇ ಆಸ್ತಿ: ಪದ್ಯ ಬರೆಯಬಲ್ಲ. ಮ್ಯಾಸಿಡೋನಿಯನ್ ಭಾಷೆ ಕಲಿಸುವ ಮೇಷ್ಟ್ರು ಅದನ್ನು ಗುರುತಿಸುತ್ತಾರೆ. ಸ್ಪರ್ಧೆಯಿದೆ, ಗೆದ್ದವರಿಗೆ ಪ್ಯಾರಿಸ್ ಪ್ರಯಾಣ, ಬರಿ ಮಗನೇ ಅನ್ನುತ್ತಾರೆ.

ನಿಮಗೂ ಅಂಥ ಒಬ್ಬ ಮೇಷ್ಟ್ರು ಇದ್ದಿರಬಹುದು. ಕನ್ನಡ ಪಂಡಿತರು. ಇಡೀ ತರಗತಿ ಲೆಕ್ಕ, ವಿಜ್ಞಾನ ಎಂದು ಓಡುತ್ತಿರುವಾಗ ನಿಮ್ಮ ಪ್ರಬಂಧವನ್ನು ಎತ್ತಿ ಹಿಡಿದು ಓದಿದವರು. ಆ ಒಂದು ಓದು ಎಷ್ಟು ವರ್ಷ ನಮ್ಮನ್ನು ನಡೆಸುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಅದಕ್ಕೇ ಈ ಚಿತ್ರ ಅಷ್ಟು ಕ್ರೂರ ಎನಿಸುವುದು. ಏಕೆಂದರೆ ಈ ಮೇಷ್ಟ್ರು ಒಳ್ಳೆಯವರು, ಆದರೆ ದುರ್ಬಲರು. ಪದ್ಯ ಚೆನ್ನಾಗಿದೆ ಎನ್ನಲು ಬರುತ್ತದೆ, ಹುಡುಗನಿಗೆ ಏಟು ಬೀಳುವಾಗ ಅಡ್ಡ ನಿಲ್ಲಲು ಬರುವುದಿಲ್ಲ. ಆಸೆ ಹುಟ್ಟಿಸಿ ಕೈಬಿಡುತ್ತಾರೆ. ಅತ್ತ ಹಳೆಯ ರೈಲುಡಬ್ಬಿಗಳ ಸ್ಮಶಾನದಲ್ಲಿ ಒಬ್ಬ ಬಂದು ಸೇರಿಕೊಂಡಿದ್ದಾನೆ. ಕೂಲಿ ಸೈನಿಕ, ಹೆಸರು ಪ್ಯಾರಿಸ್. ಹುಡುಗ ಕನಸಿದ್ದು ಒಂದು ಪ್ಯಾರಿಸ್, ಸಿಕ್ಕಿದ್ದು ಇನ್ನೊಂದು! ಇವನು ಕದಿಯುವುದು ಕಲಿಸುತ್ತಾನೆ. ಕೊನೆಗೆ ಹುಡುಗನ ಕೈಗೆ ಬಂದೂಕು ಬಂದಾಗ ಅದು ತಿರುಗುವುದು ಪುಂಡರ ಕಡೆಗಲ್ಲ, ಅಪ್ಪನ ಕಡೆಗಲ್ಲ. ಮೇಷ್ಟ್ರ ಕಡೆಗೆ.

ಯಾಕೆ ಮೇಷ್ಟ್ರು? ನಾನು ಬಹಳ ದಿನ ಇದನ್ನು ಯೋಚಿಸಿದ್ದೇನೆ. ಪುಂಡರು ಅವನಿಗೆ ಯಾವ ಮಾತೂ ಕೊಟ್ಟಿರಲಿಲ್ಲ. ಮಾತು ಕೊಟ್ಟವರು ಮೇಷ್ಟ್ರೊಬ್ಬರೇ. ಭಾಷೆಯನ್ನು ಹೊಗಳಿ, ಆ ಭಾಷೆಯಲ್ಲಿ ಬರೆಯುವ ಹುಡುಗನನ್ನು ಬೀದಿಯಲ್ಲಿ ಬಿಟ್ಟು ಹೋದವರು. ವೇದಿಕೆಯ ಮೇಲೆ ನಿಂತು ಭಾಷಣ ಬಿಗಿಯುವ ನಮ್ಮಂಥವರು ಆ ದೃಶ್ಯವನ್ನು ಎರಡು ಸಲ ನೋಡಬೇಕು.

ವೆಲೆಸ್ ಊರಿನ ಕತೆ ಇಲ್ಲಿಗೆ ಮುಗಿಯುವುದಿಲ್ಲ. 1908ರಲ್ಲಿ ಅಲ್ಲೇ ಹುಟ್ಟಿದವನು ಕೊಚೊ ರಾತ್ಸಿನ್ ಎಂಬ ಕವಿ. ಅವನು ಬರೆಯುವ ಹೊತ್ತಿಗೆ ಆ ನೆಲ ಯುಗೊಸ್ಲಾವಿಯ ರಾಜರ ಕೈಯಲ್ಲಿತ್ತು. ಅವರ ಲೆಕ್ಕದಲ್ಲಿ ಅದು ದಕ್ಷಿಣ ಸೆರ್ಬಿಯ, ಅಲ್ಲಿನ ಜನರ ಮಾತು ಹಳ್ಳಿಗಾಡಿನ ಸೆರ್ಬಿಯನ್. ರಾತ್ಸಿನ್ ಆ ಮಾತಿನಲ್ಲೇ ಕವಿತೆ ಬರೆದು 1939ರಲ್ಲಿ ಪುಸ್ತಕ ತಂದ. ಅಚ್ಚಾದದ್ದು ತನ್ನ ಊರಿನಲ್ಲಲ್ಲ, ದೂರದ ಜಾಗ್ರೆಬ್ ಬಳಿಯ ಸಮೊಬೋರ್‌ನಲ್ಲಿ. ಆ ಭಾಷೆಗೆ ಅಧಿಕೃತ ಅಕ್ಷರಮಾಲೆ ಸಿಕ್ಕಿದ್ದು 1945ರಲ್ಲಿ. ಅದನ್ನು ನೋಡಲು ರಾತ್ಸಿನ್ ಬದುಕಿರಲಿಲ್ಲ, 1943ರಲ್ಲೇ ಸತ್ತಿದ್ದ.

ಈಗ 2016ಕ್ಕೆ ಬನ್ನಿ. ಅದೇ ವೆಲೆಸ್ ಜಗತ್ತಿನ ಸುದ್ದಿಯಾಯಿತು. ಕವಿತೆಗಲ್ಲ. ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಆ ಊರಿನ ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು ನೂರಕ್ಕೂ ಹೆಚ್ಚು ಇಂಗ್ಲಿಷ್ ವೆಬ್‌ಸೈಟುಗಳನ್ನು ನಡೆಸುತ್ತಿದ್ದರು. ಟ್ರಂಪ್ ಪರ ಸುಳ್ಳು ಸುದ್ದಿಯನ್ನು ಅಲ್ಲಿಂದ ಇಲ್ಲಿಂದ ಎತ್ತಿ ಅಂಟಿಸುವುದು, ಅಮೆರಿಕದವರು ಕ್ಲಿಕ್ ಮಾಡಿದಂತೆ ಜಾಹೀರಾತಿನ ಕಾಸು ಎಣಿಸುವುದು. ಟ್ರಂಪ್ ಗೆದ್ದರೇನು ಸೋತರೇನು, ಅವರಿಗೆ ಬೇಕಿದ್ದದ್ದು ದುಡ್ಡು. ಆಗ ಆ ದೇಶದಲ್ಲಿ ತಿಂಗಳ ಸರಾಸರಿ ಸಂಬಳ 400 ಯೂರೋ ಮುಟ್ಟುತ್ತಿರಲಿಲ್ಲ. 'ಇಲುಜಿಯ' ಬಂದ ವರ್ಷ ದುಡಿಯಲು ಸಿದ್ಧವಿದ್ದವರಲ್ಲಿ ಮೂರರಲ್ಲೊಬ್ಬರಿಗೂ ಮೀರಿ ಕೆಲಸವಿರಲಿಲ್ಲ. ವೆಲೆಸ್ ಊರಿನ ಗಾಳಿ ಮಣ್ಣು ಎಲ್ಲವನ್ನೂ ವಿಷ ಮಾಡಿದ್ದ ಸೀಸದ ಕಾರ್ಖಾನೆ 2003ರಲ್ಲಿ ಮುಚ್ಚಿತ್ತು. ವಿಷವಂತೂ ಉಳಿಯಿತು, ಕೆಲಸ ಹೋಯಿತು.

ನೋಡಿ, ಒಂದೇ ಊರು. ಕವಿಯೊಬ್ಬ ತನ್ನ ಜನರ ಮಾತನ್ನು ಅಚ್ಚು ಹಾಕಿಸಲು ಪರವೂರಿಗೆ ಹೋದ. ಎಪ್ಪತ್ತೇಳು ವರ್ಷಗಳ ಬಳಿಕ ಅದೇ ಊರಿನ ಹುಡುಗರು ಮನೆಯಲ್ಲೇ ಕೂತು ಪರರ ಭಾಷೆಯಲ್ಲಿ, ಪರರ ಜಗಳಕ್ಕೆ, ಪರರ ಸುಳ್ಳನ್ನು ಮಾರಿದರು. ಆ ಹುಡುಗರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮಾರ್ಕೊ ಬೆಳೆದು ದೊಡ್ಡವನಾಗಿದ್ದರೆ ಅವರ ನಡುವೆ ಒಬ್ಬನಾಗಿರುತ್ತಿದ್ದನೋ ಏನೋ. ರಾತ್ರಿಯೆಲ್ಲಾ ಕೂತು, ಹೆಸರು ಬದಲಿಸಿಕೊಂಡು, ಅಮೆರಿಕದ ಗ್ರಾಹಕರಿಗೆ ಅವರದೇ ಉಚ್ಚಾರದಲ್ಲಿ ಉತ್ತರಿಸಿದ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಇದು ಪೂರಾ ಅಪರಿಚಿತ ಕತೆಯೇನಲ್ಲ.

ಹದಿಹರೆಯದವರ ಮೇಲೆ ದೊಡ್ಡವರ ಲೋಕ ಹೇಗೆ ಬಂದು ಕೂರುತ್ತದೆ ಎಂಬುದನ್ನು ಈ ದೇಶದ ಚಿತ್ರಗಳು 1994ರಿಂದಲೇ ಹೇಳುತ್ತಾ ಬಂದಿವೆ. ಆ ವರ್ಷ ಮಿಲ್ಚೊ ಮಾಂಚೆವ್ಸ್ಕಿಯ 'ಮಳೆಗೆ ಮುನ್ನ' ವೆನಿಸ್ಸಿನಲ್ಲಿ ಚಿನ್ನದ ಸಿಂಹ ಹಂಚಿಕೊಂಡಿತು. ಅದರ ಮೊದಲ ಭಾಗದ ಹೆಸರೇ 'ಮಾತುಗಳು'. ಆದರೆ ಮಾತೇ ಇಲ್ಲ! ಮೌನವ್ರತ ತೊಟ್ಟ ಎಳೆಯ ಸನ್ಯಾಸಿ ಕಿರಿಲ್, ಅವನ ಕೋಣೆಯಲ್ಲಿ ಬಂದು ಅಡಗುವ ಅಲ್ಬೇನಿಯನ್ ಹುಡುಗಿ ಜಮೀರ. ಊರಿನ ಗಂಡಸರು ಬಂದೂಕು ಹಿಡಿದು ಅವಳನ್ನು ಹುಡುಕುತ್ತಿದ್ದಾರೆ. ಅವನ ಭಾಷೆ ಅವಳಿಗೆ ಬಾರದು, ಅವಳದು ಅವನಿಗೆ ಬಾರದು. ಅವನು ವ್ರತ ಮುರಿದು ಬಾಯಿಬಿಟ್ಟರೂ ಅವಳಿಗೆ ಅರ್ಥವಾಗದು. ಆದರೂ ಇಬ್ಬರಿಗೂ ಎಲ್ಲಾ ಗೊತ್ತಾಗುತ್ತದೆ. ಕೊನೆಗೆ ಅವಳನ್ನು ಕೊಲ್ಲುವವನು ಶತ್ರುವಲ್ಲ, ಅವಳದೇ ಭಾಷೆಯ, ಅವಳದೇ ರಕ್ತದ ಅಣ್ಣ. ಈ ಚಿತ್ರ ಬಂದಾಗ ಮ್ಯಾಸಿಡೋನಿಯದಲ್ಲಿ ಯುದ್ಧವಿರಲಿಲ್ಲ. ಏಳು ವರ್ಷ ಕಳೆದು 2001ರಲ್ಲಿ ಬಂದೂಕುಗಳು ನಿಜವಾಗಿಯೇ ಸಿಡಿದವು.

ಬಳಿಕ 2012ರ ಏಪ್ರಿಲ್. ಈಸ್ಟರ್ ಹಬ್ಬ ಹತ್ತಿರವಿತ್ತು. ರಾಜಧಾನಿ ಸ್ಕೋಪಿಯೆ ಹೊರವಲಯದ ಕೆರೆಯ ಬಳಿ ನಾಲ್ವರು ಎಳೆಯರು, ಒಬ್ಬ ನಡುವಯಸ್ಸಿನವ ಗುಂಡಿಗೆ ಬಲಿಯಾಗಿ ಸಿಕ್ಕರು. ದೇಶ ಎರಡು ಹೋಳಾಗಿ ಕೂಗಾಡಿತು. ತೆಯೊನ ಸ್ತ್ರುಗರ್ ಮಿತೆವ್ಸ್ಕ ಎಂಬ ನಿರ್ದೇಶಕಿ 2017ರಲ್ಲಿ ಅದರ ನೆನಪಿನಿಂದ 'ಹೆಸರಿಲ್ಲದ ದಿನ' ಎನ್ನಬಹುದಾದ ಚಿತ್ರ ಮಾಡಿದರು. ಕೊಂದವರು ಯಾರು ಎಂಬುದಕ್ಕೆ ಆಕೆ ಕೈ ಹಾಕುವುದೇ ಇಲ್ಲ. ಹಿಂದಿನ ದಿನ ಅಂಥ ಹುಡುಗರು ಹೇಗೆ ಕಳೆದಿದ್ದಾರು ಎಂದು ಕಲ್ಪಿಸುತ್ತಾರೆ. ಆ ಹುಡುಗರೋ, ದೇವತೆಗಳಲ್ಲ. ಬಾಯಿ ತೆರೆದರೆ ಹೊಲಸು ಮಾತು, ಹೆಣ್ಣೆಂದರೆ ಒರಟುತನ, ಮಾಡಲು ಕೆಲಸವಿಲ್ಲದ ಮಧ್ಯಾಹ್ನ. ಸತ್ತವರನ್ನು ಹುತಾತ್ಮರನ್ನಾಗಿಸಿ ಪೋಸ್ಟರ್ ಹಚ್ಚುವುದು ಬಲು ಸುಲಭ. ಹೀಗೆ ತೋರಿಸಲು ಎದೆ ಬೇಕು.

ದಿನ ದುಮ ಅವರ 'ಸೆಸ್ತ್ರಿ' 2021ರ ಚಿತ್ರ. ಮಾಯ, ಯಾನ ಎಂಬ ಇಬ್ಬರು ಜೀವದ ಗೆಳತಿಯರು. ಒಬ್ಬಳು ಆಳುವವಳು, ಇನ್ನೊಬ್ಬಳು ಅವಳ ನೆರಳು. ಪಾರ್ಟಿಯೊಂದರಲ್ಲಿ ಸಹಪಾಠಿಯೊಬ್ಬಳ ಖಾಸಗಿ ಕ್ಷಣವನ್ನು ಮೊಬೈಲಿನಲ್ಲಿ ಹಿಡಿದು ಹರಿಯಬಿಡುತ್ತಾರೆ. ಅದು ಸಾವಿನ ತನಕ ಹೋಗುತ್ತದೆ. ಇಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟು ಒಬ್ಬಳ ಒಳಗೆ ಕೊಳೆಯತೊಡಗುತ್ತದೆ. ಇದರಲ್ಲಿ ಬಾಲ್ಕನ್ ಇಲ್ಲ, ಯುದ್ಧವಿಲ್ಲ, ಜನಾಂಗವಿಲ್ಲ. ಜಯನಗರದ ಪಿಯು ಕಾಲೇಜಿನಲ್ಲೂ ನಡೆಯಬಹುದಾದದ್ದು. ನನಗೆ ಇಷ್ಟವಾದದ್ದು ಅದೇ. ಹುಡುಗಿಯರ ಕ್ರೌರ್ಯವನ್ನು ಹುಡುಗಿಯರ ಕಣ್ಣಿಂದಲೇ, ಉಪದೇಶವಿಲ್ಲದೆ ತೋರಿಸುತ್ತದೆ.

ದೊಡ್ಡವರ ಚಿತ್ರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. 2017ರ 'ಇಸ್ಸೆಲಿತೆಲ್' ಸಂಬಳ ಬಾರದ ರೈಲ್ವೆ ನೌಕರನದು. ಕ್ಯಾನ್ಸರ್ ಹಿಡಿದ ಅಪ್ಪನ ನೋವಿಗೆ ಔಷಧಿ ಕೊಳ್ಳಲಾರದೆ, ರೈಲಿನಲ್ಲಿ ಸಿಕ್ಕ ಗಾಂಜಾವನ್ನು ಕೇಕಿನಲ್ಲಿ ಹಾಕಿ ತಿನ್ನಿಸುತ್ತಾನೆ. ಅಪ್ಪ ಚೇತರಿಸಿಕೊಂಡದ್ದು ನೋಡಿ ನೆರೆಹೊರೆಯವರೆಲ್ಲಾ ಮದ್ದು ಕೊಡು ಎಂದು ಬಾಗಿಲಿಗೆ ಬರುತ್ತಾರೆ. ನಕ್ಕು ನಕ್ಕು ಅಳಿಸುವ ಚಿತ್ರ. 2019ರ 'ಪೆಟ್ರೂನಿಯ'ದಲ್ಲಿ ಪಾದ್ರಿ ನದಿಗೆಸೆದ ಶಿಲುಬೆಯನ್ನು ಹಿಡಿಯಲು ಗಂಡಸರ ನಡುವೆ ಒಬ್ಬಳು ನಿರುದ್ಯೋಗಿ ಹೆಣ್ಣು ಧುಮುಕುತ್ತಾಳೆ. ಶ್ಟಿಪ್ ಎಂಬ ಊರಿನಲ್ಲಿ 2014ರಲ್ಲಿ ನಡೆದದ್ದೇ. ಇತಿಹಾಸದಲ್ಲಿ ಪದವಿ, ವಯಸ್ಸು ಮೂವತ್ತೆರಡು, ಕೆಲಸ ಸೊನ್ನೆ.

ಹೊಗಳಿಕೆ ಸಾಕು, ಒಂದೆರಡು ಕಟು ಮಾತೂ ಇರಲಿ. ಈ ಚಿತ್ರಗಳ ಮೇಲೆ ನನಗೆ ಅನುಮಾನವೂ ಇದೆ. ಯುರೋಪಿನ ಚಿತ್ರೋತ್ಸವಗಳಿಗೆ ಬಾಲ್ಕನ್ನಿನ ದರಿದ್ರ ಬೇಕು. ಕುಡುಕ ಅಪ್ಪ, ಮುರಿದ ಮನೆ, ಬಂದೂಕು: ಇದು ಮಾರಾಟವಾಗುವ ಸರಕು. ಮಾಂಚೆವ್ಸ್ಕಿ ನ್ಯೂಯಾರ್ಕಿನವರಾದರು, ಮಿತೆವ್ಸ್ಕ ಬ್ರಸೆಲ್ಸಿನವರು. ದೂರದಿಂದ ನೋಡುವವರ ಕಣ್ಣಿಗೆ ಊರಿನ ಗಾಯ ಹೆಚ್ಚು ಕಾಣುತ್ತದೆ, ಊರಿನ ನಗು ಕಡಿಮೆ. 'ಇಲುಜಿಯ'ದಲ್ಲೂ ಕಷ್ಟಗಳನ್ನು ಒಂದರ ಮೇಲೊಂದು ಪೇರಿಸಿದ ಕೈ ಕಾಣುತ್ತದೆ. ಮತ್ತೊಂದು: ಜನಸಂಖ್ಯೆಯ ಕಾಲು ಭಾಗದಷ್ಟಿರುವ ಅಲ್ಬೇನಿಯನ್ನರ ಹದಿಹರೆಯ, ಅವರ ಶಾಲೆ, ಅವರ ಮನೆಯೂಟ, ನಾನು ನೋಡಿದ ಚಿತ್ರಗಳಲ್ಲಿ ಸರಿಯಾಗಿ ಸಿಕ್ಕಿಲ್ಲ. ಅವರು ಬರುವುದು ಹೆಚ್ಚಾಗಿ ಬಂದೂಕಿನ ಜೊತೆಗೆ.

ಆದರೆ ಬೇರೆ ಭಾಷೆಗಳಿಗೆ ಅಲ್ಲಿನ ಪರದೆ ಬಾಗಿಲು ಹಾಕಿಲ್ಲ. 2019ರ 'ಹನಿಲ್ಯಾಂಡ್' ಸಾಕ್ಷ್ಯಚಿತ್ರದಲ್ಲಿ ಜೇನು ಸಾಕುವ ಹೆಂಗಸು ಮಾತಾಡುವುದು ಟರ್ಕಿಷ್. ತನ್ನ ಭಾಷೆಯೇ ಇಲ್ಲವೆಂದು ನೆರೆಯವರಿಂದ ಹೇಳಿಸಿಕೊಂಡ ದೇಶ ಅದನ್ನೇ ತನ್ನ ಚಿತ್ರವೆಂದು ಆಸ್ಕರಿಗೆ ಕಳಿಸಿತು, ಎರಡು ವಿಭಾಗಗಳಲ್ಲಿ ನಾಮಕರಣವೂ ಆಯಿತು. ಸ್ಕೋಪಿಯೆಯ ಶುಟ್ಕ ಎಂಬ ಬಡಾವಣೆಯಲ್ಲಿ ರೋಮಾ ಜನರಿದ್ದಾರೆ, ಅಲ್ಲಿ ಅವರ ರೋಮಾನಿ ನುಡಿಗೂ ಅಧಿಕೃತ ಮನ್ನಣೆಯಿದೆ. ಯುಗೊಸ್ಲಾವಿಯ ಇದ್ದ ಕಾಲದಲ್ಲಿ ಕುಸ್ತುರಿತ್ಸ 1988ರಲ್ಲಿ ಆ ಭಾಷೆಯಲ್ಲೇ ತೆಗೆದ ಚಿತ್ರದ ಹುಡುಗ ಪೆರ್ಹಾನ್ ಈ ಬಡಾವಣೆಯವನೇ. ಆ ಮಾತು ಕಿವಿಗೊಟ್ಟು ಕೇಳಿ. ನೀರಿಗೆ 'ಪಾನಿ', ಮೂಗಿಗೆ 'ನಾಖ್', ಕಿವಿಗೆ 'ಕಾನ್'. ಸಾವಿರ ವರ್ಷದ ಹಿಂದೆ ನಮ್ಮ ಉಪಖಂಡದಿಂದ ಹೊರಟವರ ನುಡಿ ಅದು.

ಈಚಿನದು 2025ರ 'ಡಿಜೆ ಅಹ್ಮತ್', ಗಿಯೋರ್ಗಿ ಉನ್ಕೊವ್ಸ್ಕಿಯದು. ಸನ್‌ಡಾನ್ಸ್ ಉತ್ಸವದಲ್ಲಿ ಪ್ರೇಕ್ಷಕರೇ ಆರಿಸಿದ ಬಹುಮಾನ ಗೆದ್ದಿತು. ಗುಡ್ಡಗಾಡಿನ ಯುರುಕ್ ಜನರ ಹದಿನೈದರ ಹುಡುಗ, ಮನೆಮಾತು ಟರ್ಕಿಷ್. ಅಪ್ಪ ಶಾಲೆ ಬಿಡಿಸಿ ಕುರಿ ಕಾಯಲು ಕಳಿಸಿದ್ದಾನೆ. ಅಮ್ಮ ತೀರಿಕೊಂಡ ಮೇಲೆ ಪುಟ್ಟ ತಮ್ಮ ಮಾತೇ ಬಿಟ್ಟಿದ್ದಾನೆ. ಅಹ್ಮತನಿಗೆ ಹಾಡಿನ ಹುಚ್ಚು, ಜೊತೆಗೆ ಜರ್ಮನಿಯಿಂದ ಮದುವೆಗೆಂದು ಕರೆತಂದ ಹುಡುಗಿಯ ಮೇಲೆ ಮನಸ್ಸು. ಇಲ್ಲಿ ಅಪ್ಪ ಗಡುಸು, ಆದರೆ ರಾಕ್ಷಸನಲ್ಲ. ಹಳ್ಳಿ ಬಡತನದ್ದು, ಆದರೆ ಜನ ನಗುತ್ತಾರೆ. ಇಪ್ಪತ್ತೊಂದು ವರ್ಷದ ಹಿಂದಿನ ಮಾರ್ಕೊಗೆ ಸಿಗದ ಉಸಿರು ಈ ಹುಡುಗನಿಗೆ ಸಿಕ್ಕಿದೆ.

ನೋಡುವುದಾದರೆ ಎರಡನ್ನೂ ಒಂದೇ ವಾರದಲ್ಲಿ ನೋಡಿ, ಮೊದಲು 'ಇಲುಜಿಯ', ಆಮೇಲೆ 'ಡಿಜೆ ಅಹ್ಮತ್'. ಒಬ್ಬರೇ ಕೂತು ಮೊಬೈಲಿನಲ್ಲಿ ಬೇಡ. ನಾಲ್ಕು ಜನ ಗೆಳೆಯರನ್ನು ಕರೆಯಿರಿ, ಸಾಧ್ಯವಾದರೆ ನಿಮ್ಮ ಹಳೆಯ ಕನ್ನಡ ಮೇಷ್ಟ್ರನ್ನೂ ಕರೆದುಕೊಂಡು ಬನ್ನಿ.